ಹಾಲು ಕರೆಯುವ ಯಂತ್ರದ ಸದ್ದು ಬದಲಾದರೆ ಏನು ಮಾಡಬೇಕು?



ಕೆಲಸದಾಳುಗಳ ಅಭಾವದಿಂದಾಗಿ ನಮ್ಮ ಜಿಲ್ಲೆಯ ಅನೇಕ ಹಟ್ಟಿಗಳಿಗೆ ಹಾಲು ಕರೆಯುವ ಯಂತ್ರ ಬಂದಿದೆ. ನಾಲ್ಕೈದು ದನಗಳಿರುವ ಮನೆಗೆ ಇದರಿಂದ ದೊಡ್ಡ ಅನುಕೂಲ. ಆದರೆ ಯಂತ್ರ ಕೊಂಡವರಲ್ಲಿ ಹಲವರು ಅದು ಪೂರ್ತಿ ನಿಲ್ಲುವ ತನಕ ಅದರ ಕಡೆ ಗಮನ ಕೊಡುವುದಿಲ್ಲ. ಯಂತ್ರ ಹೇಳದೆ ಕೇಳದೆ ಕೆಡುವುದು ಕಡಿಮೆ. ಕೆಡುವ ಮೊದಲು ಅದರ ಸದ್ದು ಬದಲಾಗುತ್ತದೆ. ಆ ಬದಲಾವಣೆಯನ್ನು ಗುರುತಿಸಲು ಕಲಿತರೆ ರಿಪೇರಿಯ ಖರ್ಚು ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ದನದ ಕೆಚ್ಚಲು ಉಳಿಯುತ್ತದೆ.

ಚಳಿಗಾಲದಲ್ಲಿ ಸದ್ದು ಹೆಚ್ಚಲು ಕಾರಣ

ನಮ್ಮ ಕರಾವಳಿಯ ಚಳಿ ಅಷ್ಟೇನೂ ದೊಡ್ಡದಲ್ಲ ಎನ್ನಬಹುದು. ಆದರೂ ಡಿಸೆಂಬರ್, ಜನವರಿಯ ಮುಂಜಾನೆ ಐದು ಗಂಟೆಗೆ ಯಂತ್ರಕ್ಕೆ ಅದು ಸಾಕು. ಪಂಪಿನ ಎಣ್ಣೆ ತುಸು ಮಂದವಾಗುತ್ತದೆ. ಹಳೆಯ ರಬ್ಬರ್ ಗಡುಸಾಗುತ್ತದೆ. ಹಟ್ಟಿಯ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಕೊಳವೆಯೊಳಗೆ ಹೋಗಿ ನೀರಿನ ಹನಿಯಾಗುತ್ತದೆ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಪಂಪುಗಳು ಶುರುವಾಗುವುದೂ ಇದೇ ಕಾಲದಲ್ಲಿ. ಆಗ ಕೆಲವು ಕಡೆ ವೋಲ್ಟೇಜ್ ಇಳಿಯುತ್ತದೆ. ಇನ್ನು ಮಂಗಳೂರಿನಂತಹ ಕಡಲ ಬದಿಯ ಊರಲ್ಲಿ ಉಪ್ಪುಗಾಳಿಯಿಂದ ಬೋಲ್ಟು, ವಯರಿನ ತುದಿಗಳು ತುಕ್ಕು ಹಿಡಿಯುವುದು ವರ್ಷವಿಡೀ ಇದ್ದದ್ದೇ.

ಸದ್ದಿಗೂ ಹಾಲಿಗೂ ಏನು ಸಂಬಂಧ?

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸಿದರೆ ದನಕ್ಕೆ ಸುಮಾರು 35,000ದವರೆಗೆ ಕೇಳಿಸುತ್ತದೆ. ನಮಗೆ ಸಣ್ಣ ಕಿರಿಕಿರಿ ಎನಿಸುವ ಕೀರಲು ಸದ್ದು ಅದಕ್ಕೆ ಹೆದರಿಕೆಯ ಸದ್ದು. ಕೆಚ್ಚಲು ತೊಳೆದು ನೀವಿದಾಗ ದನದ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಸ ರಕ್ತಕ್ಕೆ ಸೇರಿ ದನ ಸೊರೆ ಬಿಡುತ್ತದೆ. ಇದರ ಪ್ರಭಾವ ಇರುವುದು ಐದರಿಂದ ಏಳು ನಿಮಿಷ ಮಾತ್ರ. ಆ ಹೊತ್ತಿಗೆ ದನ ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಸೇರಿ ಸೊರೆ ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ದಿನವೂ ಹೀಗಾದರೆ ಹಾಲಿನ ಉತ್ಪತ್ತಿ ಕುಗ್ಗುತ್ತದೆ. ಆಗ ಹಲವರು ಹಿಂಡಿಯನ್ನೋ ಹುಲ್ಲನ್ನೋ ದೂರುತ್ತಾರೆ. ಯಂತ್ರದ ಕಡೆ ನೋಡುವುದಿಲ್ಲ.

ಸರಿಯಾದ ಸದ್ದು ಯಾವುದು?

ತಪ್ಪು ಸದ್ದನ್ನು ತಿಳಿಯಲು ಮೊದಲು ಸರಿಯಾದ ಸದ್ದಿನ ಪರಿಚಯ ಬೇಕು. ಯಂತ್ರದ ಪಂಪು ಗಾಳಿಯನ್ನು ಹೊರಗೆಳೆದು ನಿರ್ವಾತ ಉಂಟುಮಾಡುತ್ತದೆ. ಸ್ಕಾಟ್ಲೆಂಡಿನಲ್ಲಿ 1889ರಲ್ಲಿ ಮರ್ಚ್‌ಲೆಂಡ್ ಎಂಬವರು ಮಾಡಿದ ಯಂತ್ರ ಮೊಲೆತೊಟ್ಟನ್ನು ಬಿಡುವಿಲ್ಲದೆ ಎಳೆಯುತ್ತಿತ್ತು. ಹೀಗೆ ಎಳೆದರೆ ತೊಟ್ಟಿನ ತುದಿಯಲ್ಲಿ ರಕ್ತ ಕಟ್ಟಿ ನೋವಾಗುತ್ತದೆ. 1895ರಲ್ಲಿ ಅದೇ ದೇಶದ ಡಾ. ಶೀಲ್ಡ್ಸ್ ಎಂಬವರು ಎಳೆತಕ್ಕೆ ನಡುನಡುವೆ ಬಿಡುವು ಕೊಡುವ ಪಲ್ಸೇಟರನ್ನು ತಂದರು. ಕರು ಚೀಪುವುದೂ ಹೀಗೆಯೇ, ಎಳೆದು ಬಿಟ್ಟು, ಎಳೆದು ಬಿಟ್ಟು.

ನಿಮ್ಮ ಯಂತ್ರದ 'ಟಿಕ್-ಟಾಕ್' ಸದ್ದು ಈ ಪಲ್ಸೇಟರಿನದ್ದು. ದನಗಳಿಗೆ ಸಾಮಾನ್ಯವಾಗಿ ನಿಮಿಷಕ್ಕೆ 60 ಮಿಡಿತ ಇರಬೇಕು. ಎರಡೆರಡು ತೊಟ್ಟುಗಳಿಗೆ ಸರದಿಯಂತೆ ಕೆಲಸ ಮಾಡುವ ಪಲ್ಸೇಟರಿನಲ್ಲಿ ಒಂದು 'ಟಿಕ್' ಮತ್ತು ಒಂದು 'ಟಾಕ್' ಸೇರಿ ಒಂದು ಮಿಡಿತ. ಹೆಚ್ಚಿನ ಯಂತ್ರಗಳಲ್ಲಿ ಪ್ರತಿ ಮಿಡಿತದ ಸುಮಾರು 60 ಭಾಗ ಹಾಲೆಳೆಯಲು, 40 ಭಾಗ ವಿಶ್ರಾಂತಿಗೆ. ಇದರ ಜೊತೆಗೆ ಪಂಪಿನ ಒಂದೇ ಸಮನೆಯ ಗುಂಯ್‌ಗುಡುವಿಕೆ ಮತ್ತು ನಿರ್ವಾತ ನಿಯಂತ್ರಕದಿಂದ (ರೆಗ್ಯುಲೇಟರ್) ಸಣ್ಣಗೆ 'ಸ್ಸ್' ಎಂದು ಗಾಳಿ ಎಳೆಯುವ ಸದ್ದು ಇರಬೇಕು. ಈ ಮೂರೂ ಇದ್ದು, ಮಾಪಕದ ಮುಳ್ಳು ಕಂಪೆನಿ ಸೂಚಿಸಿದ ಗುರುತಿನಲ್ಲಿ ಅಲುಗದೆ ನಿಂತಿದ್ದರೆ ಯಂತ್ರ ಆರೋಗ್ಯವಾಗಿದೆ. ಈ ಗುರುತು ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್, ಅಂದರೆ ಪಾದರಸದ 300ರಿಂದ 375 ಮಿಲಿಮೀಟರ್ ಒಳಗಿರುತ್ತದೆ.

ಬದಲಾದ ಸದ್ದುಗಳು ಮತ್ತು ಪರಿಹಾರ

ಯಾವ ಪರೀಕ್ಷೆಗೂ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಯಂತ್ರ ನಡೆಯುತ್ತಿರುವಾಗಲೇ ನೋಡಬೇಕಾದುದನ್ನು ದೂರದಿಂದ ನೋಡಿ. ತಿರುಗುವ ಬೆಲ್ಟಿನ ಹತ್ತಿರ ಸೀರೆಯ ಸೆರಗು, ಬೈರಾಸು ಬರಬಾರದು.

1. ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಕೂಡಲೇ ಸ್ವಿಚ್ ಆರಿಸಿ. ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ವೈಂಡಿಂಗ್ ಸುಟ್ಟೀತು. ಪ್ಲಗ್ ಕಿತ್ತು, ಬೆಲ್ಟಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ತೊಂದರೆ ವಿದ್ಯುತ್ತಿನದ್ದು, ಅಂದರೆ ವೋಲ್ಟೇಜ್ ಕಡಿಮೆ ಇರಬಹುದು ಅಥವಾ ಕೆಪಾಸಿಟರ್ ಹೋಗಿರಬಹುದು. ತಿರುಗದಿದ್ದರೆ ಪಂಪು ಬಿಗಿದಿದೆ. ಕೆಪಾಸಿಟರನ್ನು ನೀವು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

2. ಶುರುವಿನಲ್ಲಿ ಕೀರಲು ಸದ್ದು: ಹೆಚ್ಚಾಗಿ ಬೆಲ್ಟ್ ಸಡಿಲವಾಗಿ ಜಾರುತ್ತಿರುತ್ತದೆ. ಎರಡು ಚಕ್ರಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಸದ್ದು ನಿಲ್ಲಲೆಂದು ಬೆಲ್ಟಿಗೆ ಎಣ್ಣೆ ಹಚ್ಚುವುದು ತಪ್ಪು. ಅದು ಇನ್ನಷ್ಟು ಜಾರುತ್ತದೆ.

3. ಪಂಪಿನೊಳಗೆ ಕಟಕಟ ಸದ್ದು: ಮೊದಲು ಎಣ್ಣೆಯ ಮಟ್ಟ ನೋಡಿ. ಎಣ್ಣೆ ಕಡಿಮೆಯಾದರೆ ಅಥವಾ ಮಂದವಾದರೆ ಪಂಪಿನೊಳಗಿನ ಅಲಗುಗಳು ಸರಿಯಾಗಿ ಜಾರದೆ ಬಡಿಯುತ್ತವೆ. ಕಂಪೆನಿ ಹೇಳಿದ ಎಣ್ಣೆಯನ್ನೇ ಹಾಕಿ, ವಾಹನದಿಂದ ತೆಗೆದ ಹಳೆ ಎಣ್ಣೆ ಬೇಡ. ಚಳಿಯ ದಿನಗಳಲ್ಲಿ ದನಕ್ಕೆ ಹಾಕುವ ಮೊದಲು ಎರಡು ಮೂರು ನಿಮಿಷ ಪಂಪನ್ನು ಬರಿದೆ ಓಡಿಸಿದರೆ ಎಣ್ಣೆ ಬೆಚ್ಚಗಾಗುತ್ತದೆ. ಆಮೇಲೂ ಸದ್ದು ಹೋಗದಿದ್ದರೆ ಅಲಗು ಸವೆದಿದೆ, ತಂತ್ರಜ್ಞರನ್ನು ಕರೆಸಿ.

4. ಗುಳುಗುಳು ಸದ್ದು: ನೀರೋ ಹಾಲೋ ಪಂಪಿಗೆ ಹೋಗಿದೆ. ಹೊರಬರುವ ಎಣ್ಣೆ ಬೆಳ್ಳಗೆ ನೊರೆಯಂತಿದ್ದರೆ ಇದು ಖಚಿತ. ಯಂತ್ರ ನಿಲ್ಲಿಸಿ, ನಿರ್ವಾತ ಟ್ಯಾಂಕಿನ ನೀರು ಬಸಿಯಿರಿ. ಒಡೆದ ಲೈನರ್ ಮೂಲಕ ಹಾಲು ಗಾಳಿಯ ಕೊಳವೆಗೆ ಸೇರಿದೆಯೇ ನೋಡಿ. ಪಂಪಿನೊಳಗೆ ಸೇರಿದ್ದನ್ನು ಅದೇ ದಿನ ತೊಳೆಸದಿದ್ದರೆ ಒಳಗೆ ತುಕ್ಕು ಹಿಡಿದು ಪಂಪು ಬಿಗಿಯುತ್ತದೆ.

5. ಎಲ್ಲಿಂದಲೋ 'ಸ್ಸ್' ಎನ್ನುವ ಜೋರು ಸದ್ದು, ಮುಳ್ಳು ಮೇಲೇರುವುದಿಲ್ಲ: ಗಾಳಿ ಒಳನುಗ್ಗುತ್ತಿದೆ. ಮೋಟಾರು ಆರಿಸಿದ ಕೂಡಲೇ ಟ್ಯಾಂಕಿನಲ್ಲಿ ಸ್ವಲ್ಪ ಹೊತ್ತು ನಿರ್ವಾತ ಉಳಿದಿರುತ್ತದೆ. ಆಗ ಹಟ್ಟಿ ನಿಶ್ಶಬ್ದವಾಗಿರುವುದರಿಂದ ಸೋರುವ ಜಾಗ ಕಿವಿಗೇ ಸಿಗುತ್ತದೆ. ಕ್ಯಾನಿನ ಮುಚ್ಚಳದ ರಬ್ಬರ್, ಕೊಳವೆಯ ಜೋಡಣೆ, ಇಲಿ ಕಡಿದ ಜಾಗ, ಇವನ್ನು ಮೊದಲು ನೋಡಿ.

6. ಟಿಕ್-ಟಾಕ್ ನಿಧಾನ ಅಥವಾ ತಾಳ ತಪ್ಪಿದೆ: ವಾಚು ಹಿಡಿದು ಒಂದು ನಿಮಿಷ ಎಣಿಸಿ. ಆಮೇಲೆ ಉಳಿದ ಮೂರು ಕಪ್ಪುಗಳನ್ನು ಮುಚ್ಚಿ, ಒಂದಕ್ಕೆ ಶುಚಿಯಾದ ಹೆಬ್ಬೆರಳು ಹಾಕಿ. ಬಿಗಿತ, ಸಡಿಲ ಎರಡೂ ಸ್ಪಷ್ಟವಾಗಿ ತಿಳಿಯಬೇಕು. ನಾಲ್ಕು ಕಪ್ಪಿಗೂ ಹೀಗೆ ನೋಡಿ. ಒಂದರಲ್ಲಿ ಸಡಿಲವೇ ಇಲ್ಲದಿದ್ದರೆ ಆ ತೊಟ್ಟಿಗೆ ವಿಶ್ರಾಂತಿ ಇಲ್ಲ ಎಂದರ್ಥ. ಪಲ್ಸೇಟರಿನಲ್ಲಿ ಧೂಳು, ಹನಿನೀರು ಸೇರಿರಬಹುದು. ಬಿಚ್ಚಿ, ಒಣಬಟ್ಟೆಯಿಂದ ಒರಸಿ, ಗಾಳಿಯ ಜಾಲರಿ ಶುಚಿಮಾಡಿ. ಸರಿಯಾಗದಿದ್ದರೆ ಆ ಯಂತ್ರವನ್ನು ದನಕ್ಕೆ ಹಾಕಲೇಬೇಡಿ.

7. ಕೆಚ್ಚಲ ಬಳಿ 'ಚುಯ್' ಎನ್ನುವ ಸದ್ದು: ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದ ಸದ್ದು ಇದು. ಕಪ್ಪು ಜಾರಿ ತೊಟ್ಟಿನ ಪಕ್ಕದಿಂದ ಗಾಳಿ ನುಗ್ಗುವಾಗ ಹೀಗೆ ಕೇಳಿಸುತ್ತದೆ. ಆ ಗಾಳಿಯ ರಭಸಕ್ಕೆ ಹಾಲಿನ ಹನಿಗಳು ಹಿಂದಕ್ಕೆ ಚಿಮ್ಮಿ ಇತರ ತೊಟ್ಟುಗಳ ರಂಧ್ರಕ್ಕೆ ಬಡಿಯುತ್ತವೆ. ಒಂದು ತೊಟ್ಟಿನಲ್ಲಿ ರೋಗಾಣು ಇದ್ದರೆ ಹೀಗೆ ಇನ್ನೊಂದಕ್ಕೆ ದಾಟಿ ಕೆಚ್ಚಲುಬಾವು ಬರುತ್ತದೆ. ಒದ್ದೆ ಕೆಚ್ಚಲು, ಓರೆಯಾಗಿ ತೂಗುವ ಕ್ಲಸ್ಟರ್, ಹಳೆಯ ಲೈನರ್ ಇದಕ್ಕೆ ಕಾರಣ. ತೊಟ್ಟುಗಳನ್ನು ತೊಳೆದು, ಪ್ರತಿ ದನಕ್ಕೂ ಬೇರೆ ಬಟ್ಟೆಯಿಂದ ಒರಸಿಯೇ ಕಪ್ಪು ಹಾಕಿ. ತೆಗೆಯುವಾಗ ಮೊದಲು ನಿರ್ವಾತ ನಿಲ್ಲಿಸಿ, ಎಳೆದು ಕೀಳಬೇಡಿ.

ಲೈನರ್ ಲೆಕ್ಕ

ರಬ್ಬರ್ ಲೈನರನ್ನು ಸುಮಾರು 2,500 ಬಾರಿ ಹಾಲು ಕರೆದ ಮೇಲೆ ಬದಲಾಯಿಸಬೇಕೆಂಬುದು ರೂಢಿ. ನಾಲ್ಕು ದನಗಳಿಗೆ ಒಂದೇ ಕ್ಲಸ್ಟರಿನಲ್ಲಿ ದಿನಕ್ಕೆ ಎರಡು ಸಲ ಕರೆದರೆ ದಿನಕ್ಕೆ 8 ಬಾರಿ. ಈ ಲೆಕ್ಕದಲ್ಲಿ 312 ದಿನ ಬರುತ್ತದೆ. ಆದರೆ ತೊಳೆಯುವ ಪುಡಿ, ಬಿಸಿನೀರು, ಹಾಲಿನ ಜಿಡ್ಡಿನಿಂದ ರಬ್ಬರ್ ತಾನಾಗಿಯೇ ಹಳತಾಗುತ್ತದೆ. ಆದ್ದರಿಂದ ಸಣ್ಣ ಹಟ್ಟಿಯವರು ಆರು ತಿಂಗಳಿಗೊಮ್ಮೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಹಾಕಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೆಚ್ಚಲುಬಾವಿನ ಒಂದು ಚಿಕಿತ್ಸೆ, ಔಷಧ ಕೊಟ್ಟ ದಿನಗಳಲ್ಲಿ ಚೆಲ್ಲಬೇಕಾದ ಹಾಲು, ಕೆಲವೊಮ್ಮೆ ಖಾಯಂ ಒಣಗಿಹೋಗುವ ಒಂದು ತೊಟ್ಟು, ಇವುಗಳ ನಷ್ಟದ ಮುಂದೆ ನಾಲ್ಕು ಲೈನರಿನ ಬೆಲೆ ದೊಡ್ಡದಲ್ಲ.

ಸದ್ದಿಲ್ಲದ ಒಂದು ಅಪಾಯ

ಯಂತ್ರ ಶುರು ಮಾಡಿದ ಕೂಡಲೇ ದನ ಕಾಲು ಎತ್ತಿ ಹಾಕುತ್ತಿದ್ದರೆ, ನೀರಿನ ಬಾನಿಗೆ ಮುಖ ಹಾಕಲು ಹಿಂಜರಿದರೆ, ಕರೆಂಟ್ ಸೋರುತ್ತಿರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ದನಕ್ಕೆ ನಮಗೆ ತಿಳಿಯದಷ್ಟು ಸಣ್ಣ ಸೋರಿಕೆಯೂ ತಾಗುತ್ತದೆ. ಯಂತ್ರ ಆರಿಸಿ, ಅರ್ಥಿಂಗ್ ಸರಿ ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಸೋರಿಕೆಯಾದರೆ ತಾನಾಗಿಯೇ ಆರುವ ಸ್ವಿಚ್ ಹಾಕಿಸಿದರೆ ಮನೆಯವರಿಗೂ ರಕ್ಷಣೆ.

ಪಂಪು ಎಲ್ಲಿರಬೇಕು?

ಸಾಧ್ಯವಾದರೆ ಪಂಪನ್ನು ಹಟ್ಟಿಯ ಗೋಡೆಯ ಆಚೆ, ಮಳೆ ಬೀಳದ ಜಾಗದಲ್ಲಿ, ದಪ್ಪ ರಬ್ಬರ್ ಹಾಳೆಯ ಮೇಲೆ ಕೂರಿಸಿ. ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿ. ದನಗಳಿಗೆ ಗದ್ದಲ ಕಡಿಮೆಯಾಗುತ್ತದೆ. ಕುಲಶೇಖರ, ವಾಮಂಜೂರಿನಂತೆ ಮನೆಗಳು ಒತ್ತೊತ್ತಾಗಿರುವ ಕಡೆ ನೆರೆಯವರ ಬೆಳಗಿನ ನಿದ್ದೆಯೂ ಕೆಡುವುದಿಲ್ಲ.

ಯಂತ್ರ ನಿಂತೇ ಹೋದರೆ

ರಿಪೇರಿಗೆ ಜನ ಬರುವ ತನಕ ದನ ಕಾಯಲಾರದು. ಕೆಚ್ಚಲು ತುಂಬಿ ಬಿಗಿದರೆ ನೋವು, ಹಾಲು ಸೋರಿಕೆ, ಬಾವು ಒಂದರ ಹಿಂದೆ ಒಂದು. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ಕೈಯಿಂದ ಕರೆಯುವ ಅಭ್ಯಾಸ ಬಿಡಬಾರದು. ಹೆಬ್ಬೆರಳು ಮಡಚಿ ಎಳೆಯದೆ, ಪೂರ್ತಿ ಅಂಗೈಯಿಂದ ಹಿಂಡಿ ಕರೆಯಿರಿ. ಯಂತ್ರಕ್ಕೆ ಒಗ್ಗಿದ ದನಗಳಿಗೂ ವಾರಕ್ಕೊಮ್ಮೆ ಕೈ ರೂಢಿ ಮಾಡಿಸಿ. ಎರಡು ಮನೆಯವರು ಮಾತನಾಡಿಕೊಂಡು ಒಂದು ಪಲ್ಸೇಟರ್, ಒಂದು ಬೆಲ್ಟ್, ಒಂದು ಜೊತೆ ಲೈನರ್ ಹೆಚ್ಚುವರಿಯಾಗಿ ಇಟ್ಟುಕೊಂಡರೆ ಹಬ್ಬದ ದಿನ ಪೇಟೆಗೆ ಓಡುವ ಕಷ್ಟ ತಪ್ಪೀತು.

ಯಂತ್ರ ಸರಿಯಾದ ಮೇಲೂ ಒಂದು ವಾರ ಪ್ರತಿ ತೊಟ್ಟಿನ ಮೊದಲ ಹಾಲನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಗಡ್ಡೆ, ನೀರಿನಂಶ, ರಕ್ತದ ಎಳೆ ಕಂಡರೆ ಆ ಹಾಲನ್ನು ಸಂಘಕ್ಕೆ ಹಾಕದೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ನಾಳೆ ಬೆಳಿಗ್ಗೆ ಯಂತ್ರದ ಸ್ವಿಚ್ ಹಾಕಿದ ಮೇಲೆ ಒಂದು ನಿಮಿಷ ಸುಮ್ಮನೆ ನಿಂತು ಮಿಡಿತ ಎಣಿಸಿರಿ. 60 ಬಂತೇ?