ಹಬೆ ದೋಣಿ, ಹಬೆ ರೈಲು ಮತ್ತು ಮುಚ್ಚಿದ ಡಬ್ಬಿ



ಈ ಸಲದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಹಬೆಯಿಂದ ಓಡುವ ಪುಟ್ಟ ರೈಲು ಮಾಡೋಣ ಅಂತ ನಮ್ಮ ತರಗತಿಯಲ್ಲಿ ಮಾತು ನಡೆದಿದೆ. ಹಾಲಿನ ಪುಡಿ ಡಬ್ಬಿಗೆ ನೀರು ಹಾಕಿ, ಮುಚ್ಚಳಕ್ಕೆ ಬೆಸುಗೆ ಹಾಕಿ, ಕೆಳಗೆ ದೀಪ ಇಟ್ಟರೆ ಆಯ್ತು ಅಂತ ಕೆಲವರು ಹೇಳ್ತಿದ್ದಾರೆ. ಡಬ್ಬಿಗೆ ಕೈ ಹಾಕೋ ಮೊದಲು ದಯವಿಟ್ಟು ಈ ಪಾಠ ಓದಿ.

1. ಹಬೆಗೆ ಎಷ್ಟು ಜಾಗ ಬೇಕು?

ಒಂದು ಲೋಟ ನೀರು ಪೂರ್ತಿ ಕುದಿದು ಹಬೆಯಾದರೆ 1,600 ಲೋಟಕ್ಕೂ ಹೆಚ್ಚು ಜಾಗ ಹಿಡಿಯುತ್ತದೆ. ಅಷ್ಟು ಜಾಗ ಸಿಗದಿದ್ದರೆ ಹಬೆ ಸುಮ್ಮನಿರಲ್ಲ, ಪಾತ್ರೆಯ ಗೋಡೆಯನ್ನು ಒತ್ತುತ್ತದೆ. ಅಡುಗೆ ಮನೆಯ ಕುಕ್ಕರ್ ನೋಡಿ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಆದಾಗ ಮೇಲಿನ ತೂಕ ಎದ್ದು ಸೀಟಿ ಹೊಡೆಯುತ್ತದೆ. ತೂಕದ ದಾರಿ ಕಟ್ಟಿಕೊಂಡರೆ ಕರಗಿ ದಾರಿ ಬಿಡಲು ಇನ್ನೊಂದು ಸುರಕ್ಷತಾ ಬಿರಡೆ ಇರುತ್ತದೆ. ಅಂದರೆ ಅಮ್ಮನ ಕುಕ್ಕರಿಗೇ ಎರಡು ಕಾವಲು! ನಮ್ಮ ಹಾಲಿನ ಪುಡಿ ಡಬ್ಬಿಗೆ ಎಷ್ಟು?

2. ಬಸವನಗುಡಿ ಪರಿಷೆಯ ದೋಣಿ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಸೋದರಮಾವನ ಮನೆ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ. ಅಲ್ಲಿ ಕಡಲೆಕಾಯಿ ರಾಶಿ ದಾಟಿದರೆ ಆಟಿಕೆ ಸಾಲು. ನಾನು ಒಂದು ತಗಡಿನ ದೋಣಿ ಕೊಂಡುಕೊಂಡೆ. ಅದೇ ಪಟಪಟ ದೋಣಿ. ನಮ್ಮ ಜಾತ್ರೆಯಲ್ಲೂ ನೀವು ನೋಡಿರಬಹುದು.

ಅದರ ಹೊಟ್ಟೆಯಲ್ಲಿ ತೆಳು ತಗಡಿನ ಪುಟ್ಟ ಪೆಟ್ಟಿಗೆ. ಅದರಿಂದ ಎರಡು ಕೊಳವೆಗಳು ಹಿಂದಕ್ಕೆ ಬಂದು ನೀರಿನೊಳಗೆ ತೆರೆದುಕೊಳ್ಳುತ್ತವೆ. ಕೊಳವೆಗೆ ನೀರು ತುಂಬಿಸಿ, ಕೆಳಗೆ ದೀಪ ಹಚ್ಚಿದರೆ ಒಳಗೆ ಹಬೆ ಹುಟ್ಟಿ ಕೊಳವೆಯ ನೀರನ್ನು ಹಿಂದಕ್ಕೆ ತಳ್ಳುತ್ತದೆ. ದೋಣಿ ಮುಂದಕ್ಕೆ. ಹಬೆ ತಣ್ಣಗಾಗಿ ಕುಗ್ಗಿದ ಕೂಡಲೇ ನೀರು ಮತ್ತೆ ಒಳಗೆ. ಹಾಗಾದರೆ ದೋಣಿ ಹಿಂದಕ್ಕೆ ಬರಬೇಕಲ್ವಾ? ಬರಲ್ಲ! ಹೊರಗೆ ಹೋಗುವ ನೀರು ಪಿಚಕಾರಿ ಥರ ಒಂದೇ ದಿಕ್ಕಿಗೆ ಹೋಗುತ್ತದೆ. ಒಳಗೆ ಬರುವ ನೀರು ಸುತ್ತ ಎಲ್ಲ ಕಡೆಯಿಂದ ಬರುತ್ತದೆ. ತೆಳು ತಗಡು ಉಬ್ಬಿ ತಗ್ಗುವಾಗ ಪಟಪಟ ಸದ್ದು.

ಈ ಬಗೆಯ ದೋಣಿಗೆ 1891ರಲ್ಲಿ ಥಾಮಸ್ ಪಿಯೋ ಎಂಬುವರು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಮುಖ್ಯ ಮಾತು ಏನೆಂದರೆ, ಇದರ ಎರಡೂ ಕೊಳವೆಯ ಬಾಯಿ ತೆರೆದೇ ಇರುತ್ತದೆ. ಹಬೆಗೆ ಯಾವಾಗಲೂ ದಾರಿ ಇದೆ. ಆದ್ದರಿಂದಲೇ ಅಷ್ಟು ತೆಳು ತಗಡು ತಡೆದುಕೊಳ್ಳುತ್ತದೆ.

3. ತೋಟದ ಹಬೆ ರೈಲು

ರೈಲಿನ ಕಥೆ ಬೇರೆ. ಅದಕ್ಕೆ ಮುಚ್ಚಿದ ಬಾಯ್ಲರ್ ಬೇಕು. ದೊಡ್ಡ ರೈಲಿಗಿಂತ ಮೊದಲು ಹುಟ್ಟಿದ್ದು ಪುಟ್ಟ ಇಂಜಿನ್ನೇ. 1784ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮರ್ಡಾಕ್ ಸ್ಪಿರಿಟ್ ದೀಪದಿಂದ ಓಡುವ ಮೂರು ಚಕ್ರದ ಮಾದರಿ ಮಾಡಿದರು. ಅದು ರಾತ್ರಿ ಓಡಿದ್ದು ನೋಡಿ ಊರಿನ ಪಾದ್ರಿ ದೆವ್ವ ಅಂತ ಹೆದರಿದರಂತೆ! ಹಳಿಯ ಮೇಲೆ ರಿಚರ್ಡ್ ಟ್ರೆವಿಥಿಕ್ ಅವರ ದೊಡ್ಡ ಇಂಜಿನು ಓಡಿದ್ದು 1804ರಲ್ಲಿ. ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ, ಮೈಸೂರಿಗೆ 1882ರಲ್ಲಿ. ಮಾವನ ಅತ್ತೆ ಮಲ್ಲೇಶ್ವರದವರು. ರೈಲಿನ ಸದ್ದು ಕೇಳಿದರೆ ಮಸಿ ಬೀಳ್ತದೆ ಅಂತ ಒಣಹಾಕಿದ ಬಟ್ಟೆ ಒಳಗೆ ತರ್ತಿದ್ದರಂತೆ.

ಈಗಲೂ ಇಂಗ್ಲೆಂಡಿನಂಥ ದೇಶಗಳಲ್ಲಿ ಕೆಲವರು ಮನೆಯ ಹೂದೋಟದಲ್ಲಿ 32 ಅಥವಾ 45 ಮಿಲಿಮೀಟರ್ ಅಗಲದ ಹಳಿ ಹಾಸಿ ನಿಜವಾದ ಹಬೆ ಇಂಜಿನು ಓಡಿಸುತ್ತಾರೆ. ಅದರ ಬಾಯ್ಲರ್ ಸಾಮಾನ್ಯವಾಗಿ ತಾಮ್ರದ್ದು, ಬೆಸುಗೆ ಬೆಳ್ಳಿ ಸೇರಿದ್ದು. ಒತ್ತಡ ಚದರ ಇಂಚಿಗೆ ಸುಮಾರು 40 ಪೌಂಡ್, ಅಂದರೆ ಕುಕ್ಕರಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ನಮ್ಮ ಮೀಟರ್ ಗೇಜಿನ ವೈಪಿ ಇಂಜಿನಿಗೆ 210 ಪೌಂಡ್ ಇತ್ತು. ಇಂಜಿನನ್ನು ಆಟಿಕೆಯಷ್ಟು ಚಿಕ್ಕದು ಮಾಡಬಹುದು, ಹಬೆಯನ್ನು ಆಟಿಕೆ ಮಾಡೋಕ್ಕಾಗಲ್ಲ.

ಓಡಿಸುವ ಕ್ರಮ ಹೀಗಿದೆ:

ಅ) ಕೀಲುಗಳಿಗೆ ಎಣ್ಣೆ. ಎಣ್ಣೆ ಬಟ್ಟಲನ್ನೂ ತುಂಬಬೇಕು. ಅದರೊಳಗೆ ಹೋದ ಹಬೆ ನೀರಾಗಿ ತಳಕ್ಕೆ ಇಳಿಯುತ್ತದೆ, ಮೇಲೇರಿದ ಎಣ್ಣೆ ಹಬೆಯ ಜೊತೆ ಸಿಲಿಂಡರಿಗೆ ಹೋಗುತ್ತದೆ.
ಆ) ಬಾಯ್ಲರಿಗೆ ಬಟ್ಟಿ ಇಳಿಸಿದ ನೀರು. ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ.
ಇ) ಗ್ಯಾಸ್ ಅಥವಾ ಸ್ಪಿರಿಟ್ ಬೆಂಕಿ. ಒತ್ತಡ ಏರಿದಾಗ ಸುರಕ್ಷತಾ ಕವಾಟ ತಾನೇ ತೆರೆದು ಹಬೆ ಬಿಡಬೇಕು. ಬಿಡದಿದ್ದರೆ ಬೆಂಕಿ ಆರಿಸಬೇಕು.
ಈ) ಕೊನೆಗೆ ಹಬೆಯ ಕೀಲಿ ತಿರುಗಿಸಿ, ನಿಧಾನವಾಗಿ ಹೊರಡಿಸಬೇಕು.
ಉ) ನೀರು ಮುಗಿಯುವ ಮೊದಲು ಬೆಂಕಿ ಆರಲೇಬೇಕು. ನೀರಿಲ್ಲದ ತಾಮ್ರ ವಿಪರೀತ ಕಾದು ಹಾಳಾಗುತ್ತದೆ.

ನಿಮಗೆ ಗೊತ್ತೇ? ಹೊಸ ಬಾಯ್ಲರನ್ನು ಮೊದಲು ಹಬೆಯಿಂದ ಪರೀಕ್ಷಿಸುವುದಿಲ್ಲ. ತಣ್ಣೀರು ತುಂಬಿ ಪಂಪಿನಿಂದ ಎರಡು ಪಟ್ಟು ಒತ್ತಡ ಕೊಡುತ್ತಾರೆ. ನೀರು ಹೆಚ್ಚು ಕುಗ್ಗುವುದಿಲ್ಲ. ಬಿರುಕಿದ್ದರೆ ಬರೀ ಸೋರುತ್ತದೆ. ಅದೇ ಬಿರುಕು ಹಬೆಯಲ್ಲಿ ಬಿಟ್ಟುಕೊಂಡರೆ ಸಿಡಿಯುತ್ತದೆ, ಮುಖ ಕೈ ಸುಡುತ್ತದೆ.

4. ಹಾಗಾದರೆ ನಾವೇನು ಮಾಡೋಣ?

ಮುಚ್ಚಿದ ಡಬ್ಬಿ ಬೇಡವೇ ಬೇಡ. ಸಣ್ಣ ತಾಮ್ರದ ಕೊಳವೆಯನ್ನು ಪೆನ್ಸಿಲಿಗೆ ಎರಡು ಸುತ್ತು ಸುತ್ತಿ, ಎರಡೂ ತುದಿ ನೀರಿನಲ್ಲಿ ತೆರೆದಿರುವಂತೆ ದೋಣಿಗೆ ಕೂರಿಸೋಣ. ನೀರು ತುಂಬಿಸಿ, ಸುರುಳಿಯ ಕೆಳಗೆ ಮೇಣದ ಬತ್ತಿ. ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿ ಇರಲಿ. ಹಿಂದಿನ ಗೋಡೆಗೆ ರೈಲಿನ ಬಾಯ್ಲರಿನ ದೊಡ್ಡ ಚಿತ್ರ ಅಂಟಿಸಿ, ಸುರಕ್ಷತಾ ಕವಾಟಕ್ಕೆ ಕೆಂಪು ಬಣ್ಣ ಹಚ್ಚೋಣ. ನೋಡಲು ಬಂದ ಚಿಕ್ಕ ಮಕ್ಕಳಿಗೆ ಎರಡರ ವ್ಯತ್ಯಾಸ ಹೇಳಬಹುದು.

ಪ್ರಶ್ನೆಗಳು (ಉತ್ತರ ಬರೆದು ಶನಿವಾರದೊಳಗೆ ಕೊಡಿ)
1. ಪಟಪಟ ದೋಣಿ ಯಾಕೆ ಹಿಂದಕ್ಕೆ ಬರುವುದಿಲ್ಲ?
2. ಕುಕ್ಕರಿನ ತೂಕದ ಕೆಲಸವನ್ನು ರೈಲು ಇಂಜಿನಿನಲ್ಲಿ ಯಾವುದು ಮಾಡುತ್ತದೆ?
3. ಬಾಯ್ಲರ್ ಪರೀಕ್ಷೆಗೆ ತಣ್ಣೀರೇ ಯಾಕೆ?

– 9ನೇ ತರಗತಿಯ ವಿದ್ಯಾರ್ಥಿನಿ