ಎಲುಬಿಗೆ ಬೇಕಾದದ್ದು ಬರೀ ಫ್ಯಾಟ್ ಅಲ್ಲ

ಹಾಲು ಉತ್ಪಾದಕ ಸಹೋದರಿಯರೇ,

ಸಂಘದಲ್ಲಿ ಹಾಲಿಗೆ ದರ ಸಿಗುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ. ಫ್ಯಾಟ್ ಎಂದರೆ ಕೊಬ್ಬು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ. ಎಲುಬು ಗಟ್ಟಿ ಮಾಡುವ ಕ್ಯಾಲ್ಸಿಯಂ ಇರುವುದು ಈ ಎರಡನೆಯದರಲ್ಲಿ. ಬೆಣ್ಣೆ ತೆಗೆದರೂ ಅದು ಮಜ್ಜಿಗೆಯಲ್ಲೇ ಉಳಿಯುತ್ತದೆ. ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಪೋತ್ನಾಳ ಸುತ್ತಮುತ್ತ ಭತ್ತದ ಹುಲ್ಲೇ ಎಮ್ಮೆಗಳಿಗೆ ಮುಖ್ಯ ಮೇವು. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಇರುವುದನ್ನೂ ಹುಲ್ಲಿನ ಆಕ್ಸಲೇಟ್ ಹಿಡಿದಿಡುತ್ತದೆ. ಅದಕ್ಕೇ ಖನಿಜ ಮಿಶ್ರಣ ಕೊಡುತ್ತೀರಿ. ಈದ ಎಮ್ಮೆ ಹಾಲುಜ್ವರದಿಂದ ಮಲಗಿದರೆ ಪಶುವೈದ್ಯರನ್ನು ಕರೆಸುತ್ತೀರಿ. ಆದರೆ ನಿಮ್ಮ ದೇಹದ ಕೊರತೆ ಹೀಗೆ ಒಂದೇ ದಿನದಲ್ಲಿ ಕಾಣುವುದಿಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಊಟದಿಂದ ಸಿಗದಿದ್ದರೆ ದೇಹ ಅದನ್ನು ಎಲುಬಿನಿಂದಲೇ ತೆಗೆಯುತ್ತದೆ. ಮುಟ್ಟು ನಿಂತ ಮೇಲೆ ಈ ಸವಕಳಿ ಜೋರಾಗುತ್ತದೆ. ಎಷ್ಟೋ ತಾಯಂದಿರಿಗೆ ಇದು ತಿಳಿಯುವುದು ಜಾರಿಬಿದ್ದು ಎಲುಬು ಮುರಿದಾಗಲೇ.

ಅತಿ ಕೊಬ್ಬು ಏನು ಮಾಡುತ್ತದೆ?

1. ಕರುಳಿನಲ್ಲಿ: ಡಾಲ್ಡಾ, ಬೆಣ್ಣೆಯಂಥ ಗಟ್ಟಿ ಕೊಬ್ಬು ಅತಿಯಾದರೆ ಅದರ ಒಂದು ಪಾಲು ಕ್ಯಾಲ್ಸಿಯಂ ಜೊತೆ ಕೂಡಿ ಸಾಬೂನಿನಂತಾಗಿ, ಮೈಗೆ ಹತ್ತದೆ ಮಲದಲ್ಲಿ ಹೋಗುತ್ತದೆ.

2. ಮಜ್ಜೆಯಲ್ಲಿ: ಎಲುಬು ಕಟ್ಟುವ ಕೋಶವೂ ಕೊಬ್ಬಿನ ಕೋಶವೂ ಒಂದೇ ಮೂಲಕೋಶದಿಂದ ಹುಟ್ಟುತ್ತವೆ. ಅತಿ ಕೊಬ್ಬು ತಿನ್ನಿಸಿದ ಇಲಿಗಳ ಮಜ್ಜೆಯಲ್ಲಿ ಕೊಬ್ಬಿನ ಕೋಶ ಹೆಚ್ಚಿ, ಎಲುಬು ತೆಳುವಾದದ್ದು ಪ್ರಯೋಗಗಳಲ್ಲಿ ಕಂಡಿದೆ.

3. ಹೊಟ್ಟೆಯಲ್ಲಿ: ಹೊಟ್ಟೆಯ ಸುತ್ತ ಸೇರಿದ ಬೊಜ್ಜು ಉರಿಯೂತ ಹೆಚ್ಚಿಸುತ್ತದೆ. ಅದರಿಂದ ಎಲುಬು ಸವೆಸುವ ಕೋಶಗಳಿಗೆ ಬಲ ಬರುತ್ತದೆ.

ಹಾಗೆಂದು ಕೊಬ್ಬನ್ನು ಪೂರ್ತಿ ಬಿಡಬೇಡಿ. ಕ್ಯಾಲ್ಸಿಯಂ ಹೀರಲು ಬೇಕಾದ ವಿಟಮಿನ್ ಡಿ ಕೊಬ್ಬಿನಲ್ಲೇ ಕರಗುವಂಥದ್ದು. ಬೇಕಾದದ್ದು ಮಿತಿ.

ಏನು ಮಾಡಬೇಕು?

• ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಹಾಲುಣಿಸುವವರಿಗೆ ಮತ್ತು ಮುಟ್ಟು ನಿಂತವರಿಗೆ 1200. ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240 ಸಿಗುತ್ತದೆ.

• 100 ಗ್ರಾಂ ಜೋಳದಲ್ಲಿ 30 ಮಿ.ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ 340ಕ್ಕೂ ಹೆಚ್ಚು. ವಾರದಲ್ಲಿ ಎರಡು ಮೂರು ದಿನ ರೊಟ್ಟಿಯ ಜೊತೆ ರಾಗಿ ಅಂಬಲಿಯೂ ಇರಲಿ. ನುಗ್ಗೆಸೊಪ್ಪು, ಎಳ್ಳಿನ ಚಟ್ನಿಯೂ ಒಳ್ಳೆಯದು.

• ಎಣ್ಣೆ, ತುಪ್ಪ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 4ರಿಂದ 6 ಚಿಕ್ಕ ಚಮಚ ಸಾಕು. ಮಿರ್ಚಿ ಭಜಿ ದಿನನಿತ್ಯದ ತಿಂಡಿಯಾಗದಿರಲಿ.

• ನಮ್ಮ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕ್ಯಾಲ್ಸಿಯಂ ಕೊರತೆ ಇದ್ದವರ ಎಲುಬಿಗೆ ಅದರ ಪೆಟ್ಟು ಇನ್ನೂ ಜೋರು. ಶುದ್ಧೀಕರಿಸಿದ ನೀರನ್ನೇ ಕುಡಿಯಿರಿ.

• ಬೆನ್ನು ಬಾಗುತ್ತಿದ್ದರೆ, ಎತ್ತರ ಕುಗ್ಗಿದ್ದರೆ, ಸಣ್ಣ ಪೆಟ್ಟಿಗೇ ಎಲುಬು ಮುರಿದಿದ್ದರೆ ವೈದ್ಯರಿಗೆ ತೋರಿಸಿ.

ಹಾಲು ಸಂಘಕ್ಕೆ, ಉಳಿದದ್ದು ಮಕ್ಕಳಿಗೆ, ಹಿರಿಯರ ಚಹಾಕ್ಕೆ. ನಿಮ್ಮ ಪಾಲಿಗೆ ಏನು ಉಳಿಯಿತು? ನಾಳೆಯಿಂದ ಕ್ಯಾನ್ ಹೊರಡುವ ಮುಂಚೆಯೇ ನಿಮ್ಮದೊಂದು ಲೋಟ ತೆಗೆದಿಡಿ. ಹಿಂಡಿಯ ಖರ್ಚನ್ನು ಲೆಕ್ಕಕ್ಕೆ ಹಿಡಿಯುವಂತೆ ಆ ಲೋಟವನ್ನೂ ಹಿಡಿಯಿರಿ. ಹಿಂಡುವ ಕೈಗೂ ಬಲ ಬೇಕಲ್ಲವೇ?