ಬಲಿಪೀಠದ ಸುತ್ತ: ಲಿವರ್‌ಪೂಲಿನ ಪ್ರಧಾನಾಲಯದಲ್ಲೊಂದು ಪಾಠ



ಸಂತ ಯಕೋಬರ ಪತ್ರದ ಎರಡನೇ ಅಧ್ಯಾಯದಲ್ಲಿ ಮುಜುಗರದ ಒಂದು ಪ್ರಸಂಗವಿದೆ. ಚಿನ್ನದುಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಆಸನ. ಕೊಳಕು ಬಟ್ಟೆಯ ಬಡವ ಬಂದರೆ ಅವನು ನಿಂತೇ ಇರಬೇಕು. ದೇವರ ಮನೆಯಲ್ಲಿ ಯಾರಿಗೆ ಎಲ್ಲಿ ಜಾಗ? ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿರುವ ಕ್ರಿಸ್ತರಾಜರ ಪ್ರಧಾನಾಲಯಕ್ಕೆ ಈ ಪ್ರಶ್ನೆಯೊಂದಿಗೆ ಮನಸ್ಸಿನಲ್ಲೇ ಹೋಗಿಬರೋಣ.

ಆ ನೆಲದಲ್ಲಿ ಮೊದಲಿದ್ದದ್ದು ಗತಿಯಿಲ್ಲದವರ ವರ್ಕ್‌ಹೌಸ್. ಅಲ್ಲಿ ಊಟ ಸಿಗುತ್ತಿತ್ತು, ಆದರೆ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. 1840ರ ದಶಕದ ಕ್ಷಾಮದಲ್ಲಿ ಐರ್ಲೆಂಡಿನಿಂದ ಹಡಗಿಳಿದು ಬಂದ ಬಡ ಕಥೋಲಿಕರ ಊರು ಅದು. 1933ರಲ್ಲಿ ಅಲ್ಲಿ ಭಾರಿ ಗುಮ್ಮಟದ ದೇವಾಲಯಕ್ಕೆ ಅಡಿಗಲ್ಲು ಬಿತ್ತು. ಯುದ್ಧ ಬಂತು, ಖರ್ಚು ಏರಿತು. ಮುಗಿದದ್ದು ನೆಲಮಾಳಿಗೆ ಮಾತ್ರ.

1960ರಲ್ಲಿ ಸ್ಪರ್ಧೆಯ ಮೂಲಕ ಹೊಸ ನಕ್ಷೆ ಆರಿಸಿದರು. ಗೆದ್ದ ಫ್ರೆಡ್ರಿಕ್ ಗಿಬ್ಬರ್ಡ್ ಕಥೋಲಿಕರಲ್ಲ. ಅದೇ ಊರಿನ ಆಂಗ್ಲಿಕನ್ ಪ್ರಧಾನಾಲಯದ ನಕ್ಷೆ ಬರೆದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಮಾತ್ರ ಕಥೋಲಿಕರು! ಎರಡನ್ನೂ ಒಂದೇ ಬೀದಿ ಜೋಡಿಸುತ್ತದೆ. ಪೋಪ್ ಎರಡನೇ ಜಾನ್ ಪೌಲರು 1982ರಲ್ಲಿ ಒಂದೇ ದಿನ ಎರಡಕ್ಕೂ ಭೇಟಿಕೊಟ್ಟರು.

ದ್ವಿತೀಯ ವ್ಯಾಟಿಕನ್ ಮಹಾಸಭೆ ಸೇರುವ ಮೊದಲೇ ಗಿಬ್ಬರ್ಡ್ ಬಲಿಪೀಠವನ್ನು ನಡುವೆ ಇಟ್ಟರು. ಸುತ್ತಲೂ ವೃತ್ತಾಕಾರದಲ್ಲಿ ಬೆಂಚುಗಳು, ಮೇಲೆ ಬಣ್ಣದ ಗಾಜಿನ ಗೋಪುರ. (ಮಾಡು ಸೋರಿ ವರ್ಷಗಟ್ಟಲೆ ಕಾಡಿತು, ಅದು ಬೇರೆ ಮಾತು.) ನಮ್ಮ ಉದ್ದನೆಯ ಇಗರ್ಜಿಗಳಲ್ಲಿ ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ಬೆನ್ನು. ಅಲ್ಲಿ ಪರಮಪ್ರಸಾದದತ್ತ ಕಣ್ಣೆತ್ತಿದರೆ ಆಚೆ ಕೂತವರ ಮುಖವೂ ಕಾಣುತ್ತದೆ. ಅವರೊಡನೆ ನಮಗೆ ಮಾತುಕತೆ ನಿಂತಿದ್ದರೂ ಸರಿಯೇ.

ಆ ದೇವಾಲಯದ ಪ್ರತಿಷ್ಠಾಪನೆಯಾದದ್ದು 1967ರ ಮೇ 14, ಪಂಚಾಶತ್ತಮ ಹಬ್ಬದಂದು. ಜೆರುಸಲೇಮಿನಲ್ಲಿ ಆ ದಿನ ಪವಿತ್ರಾತ್ಮರು ಯಾರ ಭಾಷೆಯನ್ನೂ ಕಿತ್ತುಕೊಳ್ಳಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲೇ ಕೇಳಿಸಿತು. ಇದನ್ನು ಗಡಿನಾಡ ಕನ್ನಡಿಗರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲಯಾಳ, ಕೊಂಕಣಿಗಳ ನಡುವೆ ತಿಂಗಳಿಗೊಮ್ಮೆಯಾದರೂ ಕನ್ನಡ ಬಲಿಪೂಜೆ ಬೇಕೆಂದು ಕೇಳುವವರು ನಾವು. ಕೇಳುವುದು ನ್ಯಾಯವೇ.

ಆದರೆ ಕೆಲಸ ಹುಡುಕಿ ಒಡಿಶಾ, ಝಾರ್ಖಂಡಿನಿಂದ ಬಂದ ಕಥೋಲಿಕ ತರುಣರು ನಮ್ಮ ಪೂಜೆಯ ಹೊತ್ತಿನಲ್ಲಿ ಎಲ್ಲಿರುತ್ತಾರೆ? ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಪರಮಪ್ರಸಾದ ಸ್ವೀಕರಿಸಿ ಸದ್ದಿಲ್ಲದೆ ಹೋಗುತ್ತಾರೆ. ನಮಗೆ ಅವರ ಭಾಷೆ ಬರುವುದಿಲ್ಲ, ನಿಜ. ಬೆಂಚಿನಲ್ಲಿ ಸ್ವಲ್ಪ ಸರಿದು ಕೂತು ಕೈಸನ್ನೆ ಮಾಡಲು ಭಾಷೆ ಬೇಕಿಲ್ಲ.

ಇಗರ್ಜಿಯನ್ನು ಒಡೆದು ದುಂಡಗೆ ಕಟ್ಟಲಾಗದು. ಈ ತಿಂಗಳ ವಾರ್ಡ್ ಕೂಟದಲ್ಲಿ ಯಕೋಬರ ಆ ಅಧ್ಯಾಯವನ್ನು ಓದಿ, ಈ ಎರಡನ್ನು ಮಾತಾಡೋಣ: ಬಾಗಿಲ ಬಳಿ ನಿಲ್ಲುವವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಅವರ ಭಾಷೆಯಲ್ಲಿ ಅವರಿಂದಲೇ ಓದಿಸಬಹುದೇ?